ಫೋಟೋರೆಕ್: ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓಡಿಸಿ

ಪೆನ್‌ಡ್ರೈವ್ ಹಾಕಿದ ಕೂಡಲೇ 'ಫಾರ್ಮ್ಯಾಟ್ ಮಾಡಬೇಕು' ಅಂತ ವಿಂಡೋಸ್ ಕೇಳಿದರೆ ದಯವಿಟ್ಟು ಹೂಂ ಅನ್ನಬೇಡಿ. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಎಷ್ಟೋ ಮನೆಗಳಲ್ಲಿ ಹಳೆಯ ತಾಳಮದ್ದಳೆಯ ರೆಕಾರ್ಡಿಂಗ್ ಇರುವುದೇ ಪೆನ್‌ಡ್ರೈವಿನಲ್ಲಿ, ಬೇರೆ ಕಾಪಿ ಇರುವುದಿಲ್ಲ. ಮಾವನದ್ದು ಕೆಟ್ಟಾಗ ಪೇಟೆಯ ಅಂಗಡಿಯವರು 'ವೈರಸ್ ಉಂಟು, ಫಾರ್ಮ್ಯಾಟ್ ಮಾಡಿ ಕೊಡ್ತೇನೆ, ಒಳಗಿನದ್ದು ಸಿಗುವುದಿಲ್ಲ' ಅಂದುಬಿಟ್ಟರು. ಸಿಕ್ಕಿತು. ಫೋಟೋರೆಕ್ ಅನ್ನುವ ಸಾಫ್ಟ್‌ವೇರಿನಿಂದ, ಒಂದು ರೂಪಾಯಿ ಖರ್ಚಿಲ್ಲದೆ.

ಆದರೆ ಎಲ್ಲದಕ್ಕೂ ಇದು ಬೇಕಾಗಿಲ್ಲ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತಿದ್ದರೆ ಫೈಲು ಹೋಗಿಲ್ಲ, ವೈರಸ್ ಅದನ್ನು ಅಡಗಿಸಿಟ್ಟಿದೆ ಅಷ್ಟೇ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೆ ವೈರಸ್ ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ, ಹಾಗಾಗಿ ಮುಟ್ಟಬೇಡಿ. ಕೇರಳದ ಶಾಲೆಗಳಿಗೆ ಕೈಟ್ (ಅಲ್ಲಿನ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಬದಲು ಉಬುಂಟು ಇರುತ್ತದಲ್ವಾ, ಪರಿಚಯದ ಮಾಸ್ಟ್ರು ಇದ್ದರೆ ಅದಕ್ಕೆ ಹಾಕಿ ನೋಡಿ. ವಿಂಡೋಸಿನ ಈ ವೈರಸ್ ಅಲ್ಲಿ ಓಡುವುದಿಲ್ಲ, ಅಡಗಿದ ಫೈಲುಗಳೂ ಕಾಣುತ್ತವೆ. ನಿಮ್ಮ ಆಡಿಯೋ, ಫೋಟೋ ಮಾತ್ರ ಕಾಪಿ ಮಾಡಿಕೊಳ್ಳಿ.

ಪೆನ್‌ಡ್ರೈವ್ ತೆರೆಯುವುದೇ ಇಲ್ಲ ಅಂದಾಗ ಫೋಟೋರೆಕ್. ಹೆಸರಲ್ಲಿ ಫೋಟೋ ಇದ್ದರೂ ಎಂಪಿ3, ಪಿಡಿಎಫ್, ವರ್ಡ್ ಫೈಲುಗಳನ್ನೂ ತೆಗೆಯುತ್ತದೆ. ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ರಿಕವರಿ ಸಾಫ್ಟ್‌ವೇರಿನ ಜೊತೆಗೇ ಒಂದೇ ಜಿಪ್‌ನಲ್ಲಿ ಬರುತ್ತದೆ, ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಕಪ್ಪು ಪರದೆ ನೋಡಿ ಹೆದರಿಕೆಯಾದರೆ ಅದರೊಳಗೇ ಇರುವ ಕ್ಯೂಫೋಟೋರೆಕ್ ತೆರೆಯಿರಿ, ಮೌಸಿನಲ್ಲೇ ಕೆಲಸ ಆಗುತ್ತದೆ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಅದೇ ಪೆನ್‌ಡ್ರೈವಿಗೆ ಸೇವ್ ಮಾಡಬೇಡಿ, ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೆ ಹಾಕಿ. ಪೆನ್‌ಡ್ರೈವಿನ ಮೇಲೆ ಫೋಟೋರೆಕ್ ತಾನಾಗಿ ಏನನ್ನೂ ಬರೆಯುವುದಿಲ್ಲ, ಬರೀ ಓದುತ್ತದೆ. ನನಗೆ ತುಂಬ ಮೆಚ್ಚುಗೆಯಾದದ್ದು ಇದೇ. ವಿಂಡೋಸಿನ ಚೆಕ್‌ಡಿಸ್ಕ್ ಹಾಗಲ್ಲ, ಸರಿ ಮಾಡುತ್ತೇನೆ ಅಂತ ಇದ್ದದ್ದನ್ನೂ ಬದಲಿಸಿಬಿಡುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ದೊಡ್ಡ ತೊಂದರೆ ಅಂದರೆ ಫೈಲಿನ ಹೆಸರು ವಾಪಸ್ ಬರುವುದಿಲ್ಲ. ಎಫ್ ಅಂತ ಒಂದು ಅಕ್ಷರ, ಮುಂದೆ ಉದ್ದದ ನಂಬರು, ಹೆಚ್ಚಿನವು ಹಾಗೇ. ಯಾವ ಪ್ರಸಂಗ, ಯಾವ ವರ್ಷ, ಅರ್ಥ ಹೇಳಿದ್ದು ಯಾರು, ಒಂದೂ ಗೊತ್ತಾಗುವುದಿಲ್ಲ. ಮಾವ ಇಯರ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳಿದರು. ಭಾಗವತರು ಪದ್ಯ ಎತ್ತಿದ ಕೂಡಲೇ ಕೆಲವದರ ಹೆಸರು ಹೇಳಿದರು, ಕೆಲವಕ್ಕೆ ಅರ್ಥಧಾರಿಯ ಪೀಠಿಕೆ ಪೂರ್ತಿ ಕೇಳಬೇಕಾಯಿತು, ನಾನು ಪಕ್ಕದಲ್ಲಿ ಕೂತು ಹೆಸರು ಟೈಪ್ ಮಾಡುತ್ತಾ ಹೋದೆ. ಸಮಯ ಜಾಸ್ತಿ ಹಿಡಿಯಿತು, ಆದರೆ ತೀರಿಹೋದ ಕಲಾವಿದರ ದನಿ ಮತ್ತೆ ಸಿಕ್ಕಿತಲ್ಲ, ಅದಕ್ಕಿಂತ ಹೆಚ್ಚು ಏನು ಬೇಕು? ಡ್ರೈವಿನಲ್ಲಿ ಚೂರುಚೂರಾಗಿ ಕೂತಿದ್ದ ದೊಡ್ಡ ವಿಡಿಯೋಗಳು ಸರಿಯಾಗಿ ಬರಲಿಲ್ಲ.

ಹಿಂದೆ ಡಿಲೀಟ್ ಮಾಡಿದ್ದೂ ಬರುತ್ತದೆ, ಜೊತೆಗೆ ವೈರಸ್ ಫೈಲೂ ಬರಬಹುದು. ತೆರೆಯುವ ಮೊದಲು ಆ ಫೋಲ್ಡರನ್ನು ವಿಂಡೋಸಿನದ್ದೇ ಆಂಟಿವೈರಸ್ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿ. ಇನ್ನು, ಪೆನ್‌ಡ್ರೈವ್ ಹಾಕಿದ್ದೇ ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ ಅಂದರೆ ಹೆಚ್ಚಾಗಿ ಹಾರ್ಡ್‌ವೇರೇ ಹೋಗಿರುತ್ತದೆ, ಅದಕ್ಕೆ ಫೋಟೋರೆಕ್‌ನಿಂದ ಏನೂ ಆಗುವುದಿಲ್ಲ, ಚಿಪ್ ಬಿಚ್ಚಿ ಡೇಟಾ ತೆಗೆಯುವವರ ಹತ್ತಿರವೇ ಹೋಗಬೇಕು.