ಬೆಳಗಿನ ವರದಿಯನ್ನು ಯಂತ್ರಕ್ಕೆ ಒಪ್ಪಿಸಿದ ಆರು ತಿಂಗಳು: ವಸಂತನರಸಾಪುರದಿಂದ ಒಂದು ವಿಮರ್ಶೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬಳಿ ಇರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗಗಳಿಗೆ ಮಷಿನಿಂಗ್, ಅಂದರೆ ಲೋಹವನ್ನು ಅಳತೆಗೆ ಕತ್ತರಿಸುವ ಕೆಲಸ, ಮಾಡಿಕೊಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಾನು ಉತ್ಪಾದನಾ ವಿಭಾಗದ ಉಸ್ತುವಾರಿಯಾಗಿದ್ದೇನೆ. ನಮ್ಮಲ್ಲಿ ಹದಿನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳೂ ನಾಲ್ಕು ವಿಎಂಸಿ (ಲಂಬ ಮಷಿನಿಂಗ್ ಸೆಂಟರ್) ಯಂತ್ರಗಳೂ ಇದ್ದು, ದಿನಕ್ಕೆ ಮೂರು ಶಿಫ್ಟ್ ನಡೆಯುತ್ತವೆ. ರಾತ್ರಿ ಶಿಫ್ಟ್ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ದೈನಂದಿನ ಉತ್ಪಾದನಾ ವರದಿ 7.30ರೊಳಗೆ ಬೆಂಗಳೂರಿನಲ್ಲಿರುವ ಮಾಲೀಕರಿಗೆ ತಲುಪಿರಬೇಕು. ಒಂಬತ್ತು ವರ್ಷ ಈ ವರದಿಯನ್ನು ನಾನೇ ತಯಾರಿಸಿದ್ದೇನೆ. ಬಸ್ಸಿನಿಂದ ಇಳಿದವನು ಕಾಫಿಯನ್ನೂ ಕುಡಿಯದೆ, ಕೂಲೆಂಟ್ ಎಣ್ಣೆಯ ಬೆರಳಚ್ಚು ಬಿದ್ದ ಮೂರು ಲಾಗ್ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಅಂಕಿಗಳನ್ನು ಎಕ್ಸೆಲ್‌ಗೆ ಏರಿಸುವುದೇ ನನ್ನ ದಿನದ ಮೊದಲ ಕೆಲಸವಾಗಿತ್ತು.

ಆರು ತಿಂಗಳ ಹಿಂದೆ ಈ ಕೆಲಸವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಡೆಯುವ ಒಂದು ಸ್ವಯಂಚಾಲಿತ ವ್ಯವಸ್ಥೆಗೆ ಒಪ್ಪಿಸಿದೆವು. ಅದನ್ನು ಕಟ್ಟಿಕೊಟ್ಟವರು ತುಮಕೂರಿನಲ್ಲೇ ಕಚೇರಿ ಇಟ್ಟುಕೊಂಡಿರುವ ಕೆಲವು ಯುವ ಎಂಜಿನಿಯರುಗಳು. ಅವರ ಹೆಸರು ಇಲ್ಲಿ ಬೇಡ. ಅವರು ಮಾರುವಂಥ ಸೇವೆ ಈಗ ಅನೇಕ ಕಡೆ ಸಿಗುತ್ತದೆ ಮತ್ತು ನಾನು ಹೇಳಲಿರುವ ಗುಣದೋಷಗಳು ಬಹುಪಾಲು ಎಲ್ಲಕ್ಕೂ ಅನ್ವಯಿಸುತ್ತವೆ. ಆರಂಭದ ವೆಚ್ಚ 18,000 ರೂಪಾಯಿ, ತಿಂಗಳ ಶುಲ್ಕ 2,500 ರೂಪಾಯಿ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ.

ವ್ಯವಸ್ಥೆ ಕೆಲಸ ಮಾಡುವ ಬಗೆ ಹೀಗಿದೆ. ಪ್ರತಿ ಶಿಫ್ಟ್ ಮುಗಿದಾಗ ಆಪರೇಟರ್ ಒಂದು ಟ್ಯಾಬ್‌ನಲ್ಲಿ ಮಷೀನ್ ಸಂಖ್ಯೆ, ತಯಾರಾದ ಜಾಬ್‌ಗಳ (ಬಿಡಿಭಾಗಗಳ) ಸಂಖ್ಯೆ, ರಿಜೆಕ್ಷನ್ (ಕೆಟ್ಟು ತಿರಸ್ಕೃತವಾದವುಗಳ ಸಂಖ್ಯೆ), ಮಷೀನ್ ನಿಂತ ನಿಮಿಷ ಮತ್ತು ಕಾರಣವನ್ನು ತುಂಬುತ್ತಾರೆ. ಟ್ಯಾಬ್ ಒಗ್ಗದವರು ಲಾಗ್ ಪುಸ್ತಕದ ಪುಟದ ಫೋಟೊ ತೆಗೆದು ಕಳುಹಿಸಬಹುದು, ಇಲ್ಲವೇ ಮಾತಿನಲ್ಲೇ ಹೇಳಿ ಧ್ವನಿಮುದ್ರಿಕೆಯನ್ನು ಕಳುಹಿಸಬಹುದು. ಬಂದದ್ದೆಲ್ಲ ಒಂದು ಆನ್‌ಲೈನ್ ಶೀಟ್‌ಗೆ ಇಳಿಯುತ್ತದೆ. ಬೆಳಿಗ್ಗೆ 6.20ಕ್ಕೆ ವ್ಯವಸ್ಥೆ ತಾನಾಗಿ ಎಚ್ಚೆತ್ತು ಆ ಶೀಟನ್ನು ಓದಿ, ಭಾಷಾ ಮಾದರಿಯೊಂದರಿಂದ (ವಾಕ್ಯಗಳನ್ನು ಬರೆಯಬಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶ) ಸಾರಾಂಶ ಬರೆಸಿ, ಪಟ್ಟಿಗಳನ್ನು ಜೋಡಿಸಿ, 6.30ರ ಹೊತ್ತಿಗೆ ಪಿಡಿಎಫ್ ರೂಪದಲ್ಲಿ ಇಮೇಲ್ ಕಳುಹಿಸುತ್ತದೆ.

ಸಂಗ್ರಹಿಸುವ, ಜೋಡಿಸುವ ಮತ್ತು ಕಳುಹಿಸುವ ಕೆಲಸದಲ್ಲಿ ಇದರ ಮೇಲೆ ನನಗೆ ದೂರಿಲ್ಲ. ಆರು ತಿಂಗಳಲ್ಲಿ ವರದಿ ತಡವಾದದ್ದು ಎರಡೇ ಬಾರಿ, ಎರಡೂ ಸಲ ಇಂಟರ್ನೆಟ್ ಕೈಕೊಟ್ಟ ಕಾರಣಕ್ಕೆ. ಯಾವ ಮಷೀನಿನ ಲೆಕ್ಕ ಬಂದಿಲ್ಲವೆಂದು ಅದು ಶಿಫ್ಟ್ ಮೇಲ್ವಿಚಾರಕರಿಗೆ ಹತ್ತು ನಿಮಿಷ ಮೊದಲೇ ಸಂದೇಶ ಕಳುಹಿಸುತ್ತದೆ. ಈ ನೆನಪೋಲೆಯೊಂದರಿಂದಲೇ ಖಾಲಿ ಖಾನೆಗಳು ಅರ್ಧಕ್ಕಿಂತ ಕಡಿಮೆಯಾದವು. ಆದರೆ ಇದಿಷ್ಟನ್ನು ಮಾಡಲು ಕೃತಕ ಬುದ್ಧಿಮತ್ತೆಯೇ ಬೇಕಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಒಂದು ಫಾರ್ಮ್, ಒಂದು ಶೀಟ್, ನಿಗದಿತ ಸಮಯಕ್ಕೆ ಓಡುವ ಪುಟ್ಟ ಸ್ಕ್ರಿಪ್ಟ್ ಇದ್ದರೆ ಸಾಕು. ಕೃತಕ ಬುದ್ಧಿಮತ್ತೆ ಕೈಹಾಕುವುದು ಮೂರೇ ಕಡೆ: ಕೈಬರಹ ಓದುವಾಗ, ಮಾತನ್ನು ಅಕ್ಷರಕ್ಕೆ ಇಳಿಸುವಾಗ ಮತ್ತು ಸಾರಾಂಶ ಬರೆಯುವಾಗ. ನಮಗೆ ತೊಂದರೆಯಾದದ್ದೂ ಈ ಮೂರು ಕಡೆಯೇ.

ಕೈಬರಹದ ವಿಷಯವನ್ನು ಮೊದಲು ಹೇಳುತ್ತೇನೆ. ನಮ್ಮಲ್ಲಿ ನಿವೃತ್ತಿಗೆ ಹತ್ತಿರವಿರುವ ಒಬ್ಬ ಹಿರಿಯ ಆಪರೇಟರ್ ಇದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಅವರು ಇಂದಿಗೂ ಲಾಗ್ ಪುಸ್ತಕದಲ್ಲಿ ಕನ್ನಡ ಅಂಕಿಗಳನ್ನೇ ಬರೆಯುತ್ತಾರೆ, ಮುತ್ತು ಪೋಣಿಸಿದಂತೆ. ಎರಕದಲ್ಲಿ ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ತೂತು) ಇದ್ದ ಒಂದು ಕೆಟ್ಟ ಲಾಟ್ ಬಂದ ದಿನ ಅವರು ರಿಜೆಕ್ಷನ್ ಖಾನೆಯಲ್ಲಿ ೪೨ ಎಂದು ಬರೆದಿದ್ದರು. ವ್ಯವಸ್ಥೆ ಅದನ್ನು 82 ಎಂದು ಓದಿತು. ಕನ್ನಡದ ನಾಲ್ಕನ್ನೂ ಇಂಗ್ಲಿಷಿನ ಎಂಟನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಹೇಗಾಯಿತೆಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಪರಿಣಾಮ ಚಿಕ್ಕದಾಗಿರಲಿಲ್ಲ. ನಾವು ಪ್ರತಿ ಮಷೀನಿಗೂ ಒಟ್ಟು ಉಪಕರಣ ದಕ್ಷತೆಯನ್ನು, ಅಂದರೆ ಎಲ್ಲರೂ ಓಇಇ ಎಂದು ಕರೆಯುವ ಅಂಕಿಯನ್ನು, ಲೆಕ್ಕ ಹಾಕುತ್ತೇವೆ. ಮಷೀನ್ ಓಡಿದ ಸಮಯದ ಪ್ರಮಾಣ, ಓಡಿದ ವೇಗದ ಪ್ರಮಾಣ ಮತ್ತು ಒಳ್ಳೆಯ ಜಾಬ್‌ಗಳ ಪ್ರಮಾಣ, ಈ ಮೂರನ್ನೂ ಗುಣಿಸಿದರೆ ಅದು ಸಿಗುತ್ತದೆ. ಆ ದಿನ ಓಡಬೇಕಿದ್ದ 440 ನಿಮಿಷಗಳಲ್ಲಿ ಮಷೀನ್ 55 ನಿಮಿಷ ನಿಂತಿತ್ತು. ಉಳಿದ 385 ನಿಮಿಷಗಳಲ್ಲಿ, ಒಂದು ಜಾಬ್‌ಗೆ 42 ಸೆಕೆಂಡಿನಂತೆ, 550 ಜಾಬ್ ಆಗಬೇಕಿದ್ದದ್ದು 506 ಆಗಿತ್ತು. ಅವುಗಳಲ್ಲಿ 42 ರಿಜೆಕ್ಟ್ ಎಂದರೆ ಓಇಇ ಶೇ 73.8; 82 ರಿಜೆಕ್ಟ್ ಎಂದರೆ ಶೇ 67.5. ಬೆಂಗಳೂರಿನಲ್ಲಿ ಕೂತು ಎರಡನೆಯ ಅಂಕಿಯನ್ನು ನೋಡಿದವರು ಎರಕದ ಲಾಟನ್ನು ಬಿಟ್ಟು ಆಪರೇಟರನ್ನೇ ಪ್ರಶ್ನಿಸುವುದು ಸಹಜ, ಹಾಗೆಯೇ ಆಯಿತು. ಆ ಹಿರಿಯ ಆಪರೇಟರಿಗೆ ವಿಷಯ ತಿಳಿಸಿದಾಗ, "ಸಾರ್, ನಲವತ್ತು ವರ್ಷದಿಂದ ಹಿಂಗೇ ಬರೀತಾ ಇದೀನಿ, ಓದೋರಿಗೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೇವೆ ಒದಗಿಸುವವರು ಕನ್ನಡ ಅಂಕಿಗಳ ಬಗ್ಗೆ ಸೂಚನೆ ಸೇರಿಸಿದ ಮೇಲೆ ತಪ್ಪುಗಳು ತಗ್ಗಿದವು, ಆದರೆ ಪೂರ್ತಿ ನಿಲ್ಲಲಿಲ್ಲ.

ಧ್ವನಿಯ ಕಥೆ ಸ್ವಲ್ಪ ನಗೆ ತರಿಸುವಂಥದ್ದು. ಲೋಹವನ್ನು ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪಾದ ಎಸಳಿಗೆ ಶಾಪ್ ಫ್ಲೋರಿನಲ್ಲಿ 'ಬರ್' ಎನ್ನುತ್ತಾರೆ. ಒಬ್ಬ ಹುಡುಗ "ಆರನೇ ಮಷೀನ್ ಜಾಬಲ್ಲಿ ಬರ್ ಬಂದಿದೆ, ಇನ್ಸರ್ಟ್ ಚೇಂಜ್ ಮಾಡ್ದೆ" ಎಂದು ಹೇಳಿ ಕಳುಹಿಸಿದ್ದ. ವ್ಯವಸ್ಥೆ ಅದನ್ನು 'ಬರ ಬಂದಿದೆ' ಎಂದು ಬರೆದುಕೊಂಡು, ಆರನೇ ಮಷೀನಿನ ಉತ್ಪಾದನೆಗೆ ಬರಗಾಲದ ಪರಿಸ್ಥಿತಿ ಅಡ್ಡಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ವರದಿ ಮಾಡಿತು. ಪಾವಗಡ, ಶಿರಾ, ಮಧುಗಿರಿಗಳನ್ನು ಒಡಲಲ್ಲಿ ಇಟ್ಟುಕೊಂಡ ಜಿಲ್ಲೆಯವರು ನಾವು. ಬರ ಎಂಬ ಪದ ನಮಗೆ ಹೊಸದಲ್ಲ, ಆದರೆ ಅದು ಸಿಎನ್‌ಸಿ ಲೇತ್‌ಗೂ ತಗುಲುತ್ತದೆಂದು ಗೊತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಬರುವ ಚಕ್, ಟರೆಟ್, ಸೆಟ್ಟಿಂಗ್, ರಿವರ್ಕ್ ಮೊದಲಾದ ಅರುವತ್ತು ಪದಗಳ ಪಟ್ಟಿ ಮಾಡಿ ಕೊಟ್ಟ ನಂತರ ಈ ಭಾಗ ಚೆನ್ನಾಗಿ ಸುಧಾರಿಸಿತು. ಇಂಥ ಸೇವೆಯನ್ನು ಕೊಳ್ಳುವವರು ಈ ಪಟ್ಟಿಯನ್ನು ಮೊದಲ ದಿನವೇ ಕೊಡುವುದು ಒಳ್ಳೆಯದು. ಮಾರುವವರು ತಾವಾಗಿ ಕೇಳುವುದಿಲ್ಲ.

ಮೂರನೆಯದು ನಗುವ ವಿಷಯವಲ್ಲ. ಮೂರನೇ ತಿಂಗಳ ಒಂದು ರಾತ್ರಿ ಒಂಬತ್ತನೇ ಮಷೀನ್ 70 ನಿಮಿಷ ನಿಂತಿತ್ತು. ಆಪರೇಟರ್ ನಿಮಿಷಗಳನ್ನು ತುಂಬಿ, ಕಾರಣದ ಖಾನೆಯನ್ನು ಖಾಲಿ ಬಿಟ್ಟು ಬಸ್ಸು ಹಿಡಿದಿದ್ದರು. ಬೆಳಗಿನ ಸಾರಾಂಶದಲ್ಲಿ, ವಿದ್ಯುತ್ ವ್ಯತ್ಯಯದಿಂದ ಒಂಬತ್ತನೇ ಮಷೀನ್ 70 ನಿಮಿಷ ಸ್ಥಗಿತಗೊಂಡಿತ್ತು ಎಂಬ ಅಚ್ಚುಕಟ್ಟಾದ ವಾಕ್ಯವಿತ್ತು. ನಾನೂ ಓದಿದೆ, ಒಪ್ಪುವಂತೆಯೇ ಕಂಡಿತು, ಸುಮ್ಮನಾದೆ. ನಿಜವಾಗಿ, ಜಾಬನ್ನು ಎಣ್ಣೆಯ ಒತ್ತಡದಿಂದ ಹಿಡಿದಿಡುವ ಹೈಡ್ರಾಲಿಕ್ ಚಕ್‌ನ ಆಯಿಲ್ ಸೀಲ್ ಸೋರಿ ಒತ್ತಡ ಇಳಿದಿತ್ತು. ಕಾರಣ ಕರೆಂಟ್ ಎಂದು ಬರೆದಿದ್ದುದರಿಂದ ಮೇಂಟೆನೆನ್ಸಿನವರು ಮಷೀನಿನ ಕಡೆ ತಲೆಹಾಕಲಿಲ್ಲ, ಮಾರನೆಯ ರಾತ್ರಿ ಅದೇ ಮಷೀನ್ ಮೂರು ಗಂಟೆಗೂ ಹೆಚ್ಚು ಕಾಲ ನಿಂತಿತು. ಮಾಲೀಕರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಎಂಟೂ ಹತ್ತೂ ಓಡ್ತಾ ಇರ್ಬೇಕಾದ್ರೆ ಒಂಬತ್ತಕ್ಕೆ ಮಾತ್ರ ಹೆಂಗ್ರೀ ಕರೆಂಟ್ ಹೋಗುತ್ತೆ?"

ಯಂತ್ರಕ್ಕೆ ಈ ಸುಳ್ಳನ್ನು ಯಾರು ಹೇಳಿಕೊಟ್ಟರೆಂದು ಹುಡುಕುತ್ತ ಹೋದಾಗ ಸಿಕ್ಕ ಉತ್ತರ ನನಗೇ ಮುಜುಗರ ತಂದಿತು. ವ್ಯವಸ್ಥೆಯನ್ನು ಕಟ್ಟುವಾಗ, ವರದಿ ಯಾವ ಧಾಟಿಯಲ್ಲಿ ಇರಬೇಕೆಂದು ತೋರಿಸಲು ನಾವು ಹಳೆಯ ಮೂರು ತಿಂಗಳ ವರದಿಗಳನ್ನು ಮಾದರಿಯಾಗಿ ಕೊಟ್ಟಿದ್ದೆವು. ಅವುಗಳಲ್ಲಿ ಕಾರಣದ ಖಾನೆಯ ತುಂಬ ಕರೆಂಟ್, ಕರೆಂಟ್, ಕರೆಂಟ್. ಲಾಗ್ ಪುಸ್ತಕದಲ್ಲಿ ಕಾರಣವಿಲ್ಲದೆ, ಆಪರೇಟರ್ ಫೋನಿಗೂ ಸಿಗದ ದಿನಗಳಲ್ಲಿ, ಯಾರ ತಲೆಯ ಮೇಲೂ ಹೊರೆ ಬೀಳದ ಕಾರಣವೆಂದು ನಾನೇ ಆ ಪದವನ್ನು ತುಂಬಿದ್ದ ಸಂದರ್ಭಗಳಿದ್ದವು. ಭಾಷಾ ಮಾದರಿಯು ಹಿಂದಿನ ಪದಗಳನ್ನು ನೋಡಿ ಮುಂದೆ ಬರಬಹುದಾದ ಪದವನ್ನು ಅಂದಾಜಿಸುತ್ತ ವಾಕ್ಯವನ್ನು ಬೆಳೆಸುತ್ತದೆ; ಕೊಟ್ಟ ಮಾದರಿಯಲ್ಲಿ ಯಾವುದು ಪದೇಪದೇ ಬಂದಿದೆಯೋ ಅದರ ಕಡೆಗೆ ವಾಲುವುದು ಅದರ ಸ್ವಭಾವ. ನಾನು ಸೋಮಾರಿತನದಿಂದ ಮಾಡುತ್ತಿದ್ದುದನ್ನು ಅದು ಶಿಸ್ತಿನಿಂದ, ಪ್ರತಿದಿನ, ತಪ್ಪಿಲ್ಲದ ವ್ಯಾಕರಣದಲ್ಲಿ ಮಾಡಿತು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕೈಯಲ್ಲಿ ವರದಿ ಬರೆಯುವಾಗ ಖಾಲಿ ಖಾನೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಹತ್ತರಲ್ಲಿ ಏಳು ಸಲವಾದರೂ ಗೇಟಿನವರೆಗೆ ಓಡಿ, ಬಸ್ಸು ಹತ್ತುತ್ತಿದ್ದ ಆಪರೇಟರನ್ನು ನಿಲ್ಲಿಸಿ ಕೇಳುತ್ತಿದ್ದೆ. ಸಿದ್ಧ ವಾಕ್ಯವನ್ನು ಓದುವವನಿಗೆ ಖಾಲಿ ಖಾನೆ ಕಾಣುವುದೇ ಇಲ್ಲ.

ಆ ಘಟನೆಯ ನಂತರ ಮೂರು ಬದಲಾವಣೆ ಮಾಡಿಸಿದೆವು. ಹಳೆಯ ವರದಿಗಳ ಮಾದರಿಯನ್ನು ತೆಗೆಸಿ, ಕಾರಣ ಇಲ್ಲದಿದ್ದರೆ 'ಕಾರಣ ದಾಖಲಾಗಿಲ್ಲ' ಎಂದಷ್ಟೇ ಬರೆಯಬೇಕೆಂದು ಸ್ಪಷ್ಟ ಸೂಚನೆ ಕೊಡಿಸಿದೆವು. ಕೂಡುವ, ಗುಣಿಸುವ ಕೆಲಸವನ್ನೆಲ್ಲ ಶೀಟಿನ ಸೂತ್ರಗಳಿಗೇ ಬಿಟ್ಟು, ಭಾಷಾ ಮಾದರಿ ಅಂಕಿಗಳನ್ನು ಲೆಕ್ಕ ಹಾಕದೆ ಎತ್ತಿ ಬರೆಯುವಂತೆ ಮಾಡಿದೆವು. ಮೊದಲೆರಡು ತಿಂಗಳಲ್ಲಿ ಸಾರಾಂಶದ ಒಟ್ಟು ಮೊತ್ತವೂ ಪಟ್ಟಿಯ ಒಟ್ಟು ಮೊತ್ತವೂ ಹೊಂದಾಣಿಕೆಯಾಗದ ದಿನಗಳಿದ್ದವು, ಆಮೇಲೆ ಅದು ನಿಂತಿತು. ಮೂರನೆಯದಾಗಿ, ವರದಿ ನೇರವಾಗಿ ಬೆಂಗಳೂರಿಗೆ ಹೋಗದೆ ಮೊದಲು ನನ್ನ ಬಳಿ ಬಂದು, ನಾನು ಒಪ್ಪಿಗೆಯ ಗುಂಡಿ ಒತ್ತಿದ ಮೇಲೆ ಹೊರಡುತ್ತದೆ. ಮಾರಾಟದ ಮಾತಿನಲ್ಲಿ 'ಮನುಷ್ಯರ ಕೈ ಸೋಕದ ವರದಿ' ಎಂದು ಹೊಗಳಿದ್ದರಿಂದ, ಈ ಮೂರನೆಯ ಬದಲಾವಣೆಗೆ ಸೇವೆ ಒದಗಿಸುವವರು ತುಸು ಹಿಂದೇಟು ಹಾಕಿದರು. ಒಟ್ಟಿನಲ್ಲಿ ದುರಸ್ತಿಯ ಕರೆಗೆ ಅವರ ಸ್ಪಂದನ ಚೆನ್ನಾಗಿದೆ. ಫೋನ್ ಎತ್ತುತ್ತಾರೆ, ಕನ್ನಡದಲ್ಲಿ ಮಾತನಾಡುತ್ತಾರೆ, ಅಗತ್ಯಬಿದ್ದರೆ ಅದೇ ದಿನ ಬಂದು ನೋಡುತ್ತಾರೆ. ದೂರದ ದೊಡ್ಡ ಕಂಪನಿಯ ಸೇವೆ ಕೊಂಡಿದ್ದರೆ ೪೨ರ ಸಮಸ್ಯೆಯನ್ನು ವಿವರಿಸುವುದರಲ್ಲೇ ವಾರ ಕಳೆಯುತ್ತಿತ್ತೇನೋ.

ಗೋಪ್ಯತೆಯ ಬಗ್ಗೆಯೂ ಕೇಳಿ ತಿಳಿದುಕೊಳ್ಳಬೇಕು. ನಮ್ಮ ಶೀಟ್‌ನಲ್ಲಿರುವುದು ಸಾರಾಂಶಕ್ಕಾಗಿ ಹೊರಗಿನ ಸರ್ವರಿಗೆ ಹೋಗುತ್ತದೆ. ಗ್ರಾಹಕರ ಪಾರ್ಟ್ ನಂಬರುಗಳನ್ನು ಹಾಗೆ ಕಳುಹಿಸುವುದು ಅವರೊಂದಿಗಿನ ಒಪ್ಪಂದಕ್ಕೆ ವಿರುದ್ಧವಾಗುತ್ತಿತ್ತು. ಆದ್ದರಿಂದ ನಮ್ಮದೇ ಸಂಕೇತಗಳನ್ನು ಬಳಸುತ್ತೇವೆ. ಕಾರ್ಮಿಕರ ಹೆಸರಿನ ಬದಲು ಟೋಕನ್ ಸಂಖ್ಯೆ ಹಾಕುತ್ತೇವೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಅದು ಇರಲಿ ಬಿಡಲಿ, ಒಬ್ಬ ಆಪರೇಟರಿನ ರಿಜೆಕ್ಷನ್ ಲೆಕ್ಕ ಹೆಸರಿನೊಂದಿಗೆ ಊರಾಚೆಯ ಸರ್ವರಿನಲ್ಲಿ ಕೂರುವುದು ನನಗೆ ಸರಿಕಾಣಲಿಲ್ಲ.

ಹಣದ ಲೆಕ್ಕಕ್ಕೆ ಬಂದರೆ, ತೆರಿಗೆ ಸೇರಿ ತಿಂಗಳಿಗೆ 2,950 ರೂಪಾಯಿ. ಮೊದಲು ವರದಿಗೆ ನನಗೆ 75 ನಿಮಿಷ ಬೇಕಿತ್ತು, ಈಗ 25 ನಿಮಿಷ ಸಾಕು. ಉಳಿದ 50 ನಿಮಿಷಗಳನ್ನು ನಾನು ಶಾಪ್ ಫ್ಲೋರಿನಲ್ಲಿ ಕಳೆಯುತ್ತಿದ್ದೇನೆ, ಆ ಮಟ್ಟಿಗೆ ಹಣ ವಸೂಲಾಗಿದೆ. ಮೂರು ಶಿಫ್ಟ್, ಹತ್ತಕ್ಕಿಂತ ಹೆಚ್ಚು ಮಷೀನ್ ಇರುವ ಕಾರ್ಖಾನೆಗಳಿಗೆ ಇದನ್ನು ಶಿಫಾರಸು ಮಾಡಬಲ್ಲೆ. ಒಂದೇ ಶಿಫ್ಟಿನಲ್ಲಿ ನಾಲ್ಕೈದು ಮಷೀನ್ ಓಡಿಸುವವರು ಬರೀ ಶೀಟು ಮತ್ತು ಸೂತ್ರಗಳಲ್ಲೇ ಕೆಲಸ ಮುಗಿಸಬಹುದು. ಅವರಿಗೆ ಇದು ಗುಬ್ಬಿಗೆ ಬ್ರಹ್ಮಾಸ್ತ್ರ ಹೂಡಿದಂತೆ.

ಕಳೆದ ವಾರ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದೆವು, ಆದರೆ ಕೈಬರಹ ಓದುವ ಭಾಗವನ್ನು ಕೈಬಿಟ್ಟೆವು; ಅದರಿಂದ ತಿಂಗಳಿಗೆ 400 ರೂಪಾಯಿ ಕಡಿಮೆಯಾಯಿತು. ಹಿರಿಯ ಆಪರೇಟರ್ ಈಗಲೂ ಕನ್ನಡ ಅಂಕಿಗಳಲ್ಲೇ ಬರೆಯುತ್ತಾರೆ. ಶಿಫ್ಟ್ ಮುಗಿದ ಮೇಲೆ ಪುಸ್ತಕವನ್ನು ನನ್ನ ಮೇಜಿಗೆ ತಂದಿಡುತ್ತಾರೆ, ನಾನು ಅವರೆದುರಿಗೇ ಅಂಕಿಗಳನ್ನು ಟ್ಯಾಬ್‌ಗೆ ಏರಿಸುತ್ತೇನೆ. ವರದಿ 6.30ರ ಬದಲು 6.50ಕ್ಕೆ ಹೊರಡುತ್ತದೆ.