ಗ್ಲಾಸ್ಟನ್‌ಬರಿಯಲ್ಲಿ ಸಾಮಾನಿನ ಭದ್ರತೆ: ಟೆಂಟಿಗೆ ಬೀಗವೋ, ಲಾಕಪ್ಪೋ?

ಇಂಗ್ಲೆಂಡಿನ ಸಾಮರ್‌ಸೆಟ್‌ನ ವರ್ದಿ ಫಾರ್ಮ್‌ನಲ್ಲಿ ಜೂನ್ ಕೊನೆಗೆ ನಡೆಯುವ ಗ್ಲಾಸ್ಟನ್‌ಬರಿ ಸಂಗೀತೋತ್ಸವಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಅವರಲ್ಲಿ ಬಹುತೇಕರು ಹೊಲದಲ್ಲೇ ಟೆಂಟ್ ಹಾಕಿ ಮಲಗುವುದರಿಂದ, ಹಣ ಮತ್ತು ಪಾಸ್‌ಪೋರ್ಟನ್ನು ಎಲ್ಲಿಡಬೇಕೆಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಟೆಂಟಿನ ಜಿಪ್ಪಿನ ಎರಡು ಕೊಂಡಿಗಳನ್ನು ಸೇರಿಸಿ ಪುಟ್ಟ ಬೀಗ ಹಾಕುವವರಿದ್ದಾರೆ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆಯೇ ಹೊರತು ಸಾಮಾನಿಗೆ ರಕ್ಷಣೆ ಸಿಗುವುದಿಲ್ಲ. ತೆಳುವಾದ ನೈಲಾನ್ ಬಟ್ಟೆಯನ್ನು ಒಂದು ಬ್ಲೇಡು ಸದ್ದಿಲ್ಲದೆ ಸೀಳುತ್ತದೆ, ಮೇಲಾಗಿ ತೂಗುವ ಬೀಗವೇ ಒಳಗೆ ಬೆಲೆಬಾಳುವುದೇನೋ ಇದೆಯೆಂದು ಸಾರಿ ಹೇಳುತ್ತದೆ.

ಲಾಕಪ್ ಎಂದೊಡನೆ ನಮಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಗ್ಲಾಸ್ಟನ್‌ಬರಿಯಲ್ಲಿ ಮಾತ್ರ ಅದು ನಮ್ಮ ರೈಲ್ವೆ ನಿಲ್ದಾಣದ ಕ್ಲೋಕ್ ರೂಮಿನಂಥದು. ಉತ್ಸವದವರೇ ಉಚಿತವಾಗಿ ನಡೆಸುವ ಈ ಕೇಂದ್ರಗಳು ಮೈದಾನದ ಹಲವೆಡೆ ಇವೆ. ಸಾಲಿನಲ್ಲಿ ನಿಲ್ಲಬೇಕಾಗಬಹುದು, ರಾತ್ರಿ ಕೆಸರಿನಲ್ಲಿ ನಡೆದು ಹೋಗುವುದೂ ಬೇಸರದ ಕೆಲಸವೇ. ಆದರೂ ಪಾಸ್‌ಪೋರ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ.

ಫೋನು ಮತ್ತು ಆ ದಿನದ ಖರ್ಚಿನ ಹಣ ಮೈಮೇಲೆಯೇ ಇರಲಿ, ಮಲಗುವಾಗ ಅವನ್ನು ಸ್ಲೀಪಿಂಗ್ ಬ್ಯಾಗಿನ ತಳಕ್ಕೆ ತಳ್ಳಿಬಿಡಿ. ಟೆಂಟಿನಲ್ಲಿ ಉಳಿಯುವುದು ಒದ್ದೆ ಬಟ್ಟೆ, ಕೆಸರು ಮೆತ್ತಿದ ಬೂಟುಗಳಷ್ಟೇ ಆದರೆ ಬೀಗದ ಅಗತ್ಯವೇ ಬೀಳದು.