28 ಪಾಯಿಂಟ್ ಕೊಡುತ್ತೇವೆ ಎಂದವರು ಕೊಟ್ಟದ್ದು ಒಂದು ಹಾಳೆ: ಅನುದಾನ ಬರವಣಿಗೆಯ ಕಾರ್ಯಾಗಾರಕ್ಕೆ ಹಣ ಕಟ್ಟುವ ಮುನ್ನ ಓದಿ

ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳಲ್ಲಿ ಅನುದಾನದ ಪ್ರಸ್ತಾವನೆ ಬರೆಯುವ ಕೆಲಸದಲ್ಲಿರುವವರಿಗಾಗಿ, ಅದರಲ್ಲೂ ಸಿಎಫ್‌ಆರ್‌ಇ ಪ್ರಮಾಣಪತ್ರದ ನವೀಕರಣ ಹತ್ತಿರ ಬಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಾರಾಂತ್ಯದ ಒಂದು ಕಾರ್ಯಾಗಾರಕ್ಕೆ ನಾನು 18,500 ರೂಪಾಯಿ ಕಟ್ಟಿದೆ. ಹಣ ಹೋಯಿತು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ: ಅಲ್ಲಿ ಹೇಳಿಕೊಟ್ಟ ತಪ್ಪನ್ನು ನಂಬಿ, ನಮ್ಮ ಸಂಸ್ಥೆಯನ್ನು ದೊಡ್ಡ ತೊಂದರೆಗೆ ಸಿಲುಕಿಸುವವರೆಗೆ ಹೋಗಿದ್ದೆ.

ಈ ಕ್ಷೇತ್ರಕ್ಕೆ ಹೊಸಬರಾದವರಿಗೆ ಸ್ವಲ್ಪ ಹಿನ್ನೆಲೆ. ಸಿಎಫ್‌ಆರ್‌ಇ ಎಂದರೆ ಸರ್ಟಿಫೈಡ್ ಫಂಡ್ ರೈಸಿಂಗ್ ಎಕ್ಸಿಕ್ಯುಟಿವ್. ನಿಧಿ ಸಂಗ್ರಹದ ಕೆಲಸ ಮಾಡುವವರಿಗೆ ಇರುವ ಅಂತರರಾಷ್ಟ್ರೀಯ ಪ್ರಮಾಣೀಕರಣ ಅದು. 200 ಪ್ರಶ್ನೆಗಳು, 4 ಗಂಟೆಯ ಪರೀಕ್ಷೆ. ಒಮ್ಮೆ ಪಾಸಾದರೆ ಮುಗಿಯಿತು ಎನ್ನುವಂತಿಲ್ಲ, 3 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣಕ್ಕೆ ಬೇಕಾದವುಗಳಲ್ಲಿ ಒಂದು, ಆ 3 ವರ್ಷಗಳಲ್ಲಿ ಗಳಿಸಿದ 45 ಶಿಕ್ಷಣ ಪಾಯಿಂಟ್‌ಗಳು. ಒಂದು ಗಂಟೆಯ ಪಾಠಕ್ಕೆ ಒಂದು ಪಾಯಿಂಟ್ ಎಂಬುದು ಲೆಕ್ಕ. ಪಾಠ ನಿಧಿ ಸಂಗ್ರಹಕ್ಕೆ ಸಂಬಂಧಿಸಿರಬೇಕು: ದಾನಿಗಳ ಬಗ್ಗೆ ಮಾಹಿತಿ ಕಲೆಹಾಕುವುದು, ಅನುದಾನ ಪಡೆಯುವುದು, ಸಂಬಂಧ ಉಳಿಸಿಕೊಳ್ಳುವುದು, ನೀತಿ ಮತ್ತು ಉತ್ತರದಾಯಿತ್ವ, ಇಂಥವು. ಪ್ರಸ್ತಾವನೆ ಬರೆಯುವ ತರಬೇತಿ ಇದರೊಳಗೆ ಸಲೀಸಾಗಿ ಬರುತ್ತದೆ. ನನ್ನಂಥವರನ್ನು ಗಾಳ ಹಾಕಿ ಹಿಡಿಯುವುದು ಇಲ್ಲಿಯೇ.

ನನ್ನ ಬಳಿ ಆಗ 19 ಪಾಯಿಂಟ್ ಇದ್ದವು. ನವೀಕರಣಕ್ಕೆ ಐದು ತಿಂಗಳು ಉಳಿದಿತ್ತು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲಿಕಾ ಕೇಂದ್ರ ನಡೆಸುವ ಸಂಸ್ಥೆ ನಮ್ಮದು. ವರ್ಷದ ಕೊನೆಯೆಂದರೆ ವರದಿ, ಲೆಕ್ಕ, ಹೊಸ ಪ್ರಸ್ತಾವನೆ ಎಲ್ಲವೂ ಒಟ್ಟಿಗೆ ಬಂದು ಬೀಳುವ ಕಾಲ. ಅಂಥ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬಂತು. ಮೂರು ದಿನ ಜಯನಗರದಲ್ಲಿ ತರಗತಿ, ಜೊತೆಗೆ ಧ್ವನಿಮುದ್ರಿತ ವಿಡಿಯೊ ಪಾಠ, ಒಟ್ಟು 28 ಗಂಟೆ, 28 ಪಾಯಿಂಟ್, ‘ಅಂತರರಾಷ್ಟ್ರೀಯ ಮಾನ್ಯತೆ’. 19ಕ್ಕೆ 28 ಸೇರಿಸಿದರೆ 47. ಅಂದು ರಾತ್ರಿಯೇ ಹಣ ಕಳಿಸಿದೆ. ಮಾನ್ಯತೆ ಕೊಟ್ಟವರು ಯಾರು ಎಂದು ಕೇಳಲಿಲ್ಲ. ಅವರು ಕಳಿಸಿದ ರಸೀದಿಯಲ್ಲಿ ಶೇ 18 ಜಿಎಸ್‌ಟಿ ಎಂದು ಬರೆದಿತ್ತು, ಜಿಎಸ್‌ಟಿ ಸಂಖ್ಯೆ ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನೂ ನಾನು ನೋಡಲಿಲ್ಲ. ನೀವು ನೋಡಿ. ಸಂಖ್ಯೆ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ ಕೂಡಲೇ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ.

ಮೊದಲ ದಿನ 9 ಗಂಟೆಗೆ ಬನ್ನಿ ಎಂದಿದ್ದರು. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಅಲ್ಲಿದ್ದೆ. ಪಾಠ ಶುರುವಾದದ್ದು 10.45ಕ್ಕೆ. ಸಭೆಗೆ ಹೋದರೆ ಸಮಯ ಗುರುತು ಹಾಕಿಕೊಳ್ಳುವುದು ನನ್ನ ಹಳೆಯ ಅಭ್ಯಾಸ, ಹಾಗಾಗಿ ಲೆಕ್ಕ ಇನ್ನೂ ನೋಟ್‌ಬುಕ್‌ನಲ್ಲಿದೆ. ಪರಿಚಯ, ಊಟ, ತರಬೇತುದಾರರ ಸಾಧನೆಯ ಚಿತ್ರಪ್ರದರ್ಶನ ಎಲ್ಲ ಕಳೆದರೆ ಮೊದಲ ದಿನ ನಾಲ್ಕೂವರೆ ಗಂಟೆ ಪಾಠ, ಎರಡನೆಯ ದಿನ ನಾಲ್ಕು ಗಂಟೆ, ಮೂರನೆಯ ದಿನ ಎರಡೂವರೆ. ಉಳಿದ ಹೊತ್ತು ಸನ್ಮಾನಕ್ಕೆ, ಶಾಲು ಹೊದಿಸುವುದಕ್ಕೆ, ಗುಂಪು ಫೋಟೊ ತೆಗೆಸಿಕೊಳ್ಳುವುದಕ್ಕೆ ಹೋಯಿತು. ಒಟ್ಟು 11 ಗಂಟೆ. ವಿಡಿಯೊ ಪಾಠಗಳ ಕೊಂಡಿ ಇವತ್ತಿನವರೆಗೂ ಬಂದಿಲ್ಲ.

ಸಮಯ ಕಡಿಮೆಯಾದರೂ ಹೇಳಿಕೊಟ್ಟದ್ದು ಸರಿಯಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ವಿದೇಶಿ ದಾನಿಗಳಿಗೆ ಬಜೆಟ್ ಬರೆಯುವ ಪಾಠದಲ್ಲಿ, ವಿದೇಶಿ ದೇಣಿಗೆಯ ಶೇ 50ರವರೆಗೆ ಆಡಳಿತ ವೆಚ್ಚಕ್ಕೆ ಹಾಕಬಹುದು ಎಂದು ಆ ತರಬೇತುದಾರರು ಪರದೆಯ ಮೇಲೆ ತೋರಿಸಿದರು. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಲ್ಲಿ ಅದು ಒಂದು ಕಾಲದಲ್ಲಿ ಇದ್ದ ಮಿತಿ. 2020ರ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು. ಬಂದ ವಿದೇಶಿ ದೇಣಿಗೆಯನ್ನು ಸಣ್ಣ ಪಾಲುದಾರ ಸಂಸ್ಥೆಗಳಿಗೆ ಹಂಚಬಹುದು ಎಂದೂ ಹೇಳಿದರು. ಅದೇ ತಿದ್ದುಪಡಿ ಆ ವರ್ಗಾವಣೆಯನ್ನು ಪೂರ್ತಿ ನಿಷೇಧಿಸಿದೆ. ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಬೇಕಾದ ಸಿಎಸ್‌ಆರ್-1 ನಮೂನೆಯ ಬಗ್ಗೆ ಕೇಳಿದಾಗ, ‘ಅದು ಕಂಪನಿಯವರ ತಲೆನೋವು’ ಎಂದು ಉತ್ತರಿಸಿದರು. ಕಂಪನಿಯ ಸಿಎಸ್‌ಆರ್ ಹಣ ಪಡೆದು ಯೋಜನೆ ನಡೆಸುವ ಸಂಸ್ಥೆ 2021ರ ಏಪ್ರಿಲ್‌ನಿಂದ ತಾನೇ ಆ ನಮೂನೆ ಸಲ್ಲಿಸಿ ನೋಂದಾಯಿಸಿಕೊಳ್ಳಬೇಕು.

ಇದನ್ನೆಲ್ಲ ಈಗ ಇಷ್ಟು ಖಚಿತವಾಗಿ ಬರೆಯುತ್ತಿದ್ದೇನೆ. ಅಂದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿಯವರೆಗೆ ಬರೆದದ್ದು ಹೆಚ್ಚಾಗಿ ಇಲ್ಲಿನ ಕಂಪನಿಗಳಿಗೆ, ವಿದೇಶಿ ಹಣದ ಬಜೆಟ್ಟನ್ನು ಹಿರಿಯ ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಅವರು ಕೆಲಸ ಬಿಟ್ಟಿದ್ದರು. ಕಾರ್ಯಾಗಾರ ಮುಗಿದ ಮರುವಾರವೇ ಒಂದು ವಿದೇಶಿ ಪ್ರತಿಷ್ಠಾನಕ್ಕೆ ನಾನೇ ಬಜೆಟ್ ಸಿದ್ಧಪಡಿಸಿದೆ. ಆಡಳಿತ ವೆಚ್ಚ ಶೇ 35. ನಮ್ಮ ಲೆಕ್ಕ ನೋಡುವ ಹಿರಿಯರು ಕನ್ನಡಕ ಹಣೆಯ ಮೇಲೆ ಏರಿಸಿ ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದರು.

‘ಏನಮ್ಮಾ ಇದು, ಈ ಹಣ ಹೊರಗಿನಿಂದ ಬರುವುದಲ್ಲವೇ?’

‘ಹೌದು ಸರ್. ಐವತ್ತರವರೆಗೆ ಅವಕಾಶವಿದೆ ಎಂದು ತರಗತಿಯಲ್ಲಿ ಹೇಳಿದರು.’

‘ಯಾವ ತರಗತಿಯಮ್ಮಾ ಅದು? ಎಫ್‌ಸಿಆರ್‌ಎ ನೋಂದಣಿ ರದ್ದಾದರೆ ನಮ್ಮ ಏಳು ಕೇಂದ್ರಕ್ಕೂ ಬೀಗ ಹಾಕಬೇಕು.’

ಅವರು ಕೂಗಾಡಲಿಲ್ಲ. ಗೂಡಿನಿಂದ ತಿದ್ದುಪಡಿಯ ಪ್ರತಿ ತೆಗೆದು ನನ್ನ ಮುಂದಿಟ್ಟು ಚಹಾ ಕುಡಿಯಲು ಹೋದರು. ಆ ಹಾಳೆ ಓದುವಾಗ ನನ್ನ ಕೈ ತಣ್ಣಗಾಗಿತ್ತು. ಅಂದು ಅವರು ರಜೆಯಲ್ಲಿದ್ದಿದ್ದರೆ ಆ ಬಜೆಟ್ ಹಾಗೆಯೇ ಹೋಗುತ್ತಿತ್ತು. ಆ ಕೋಣೆಯಲ್ಲಿ ನನ್ನ ಜೊತೆ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಬೀದರ್‌ನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸಿನಲ್ಲಿ ಬಂದವರಿದ್ದರು. ಅವರೆಲ್ಲರ ಕಚೇರಿಯಲ್ಲಿ ಇಂಥ ಹಿರಿಯರೊಬ್ಬರು ಇದ್ದಾರೆಯೇ ಎಂಬ ಯೋಚನೆ ಈಗಲೂ ಕಾಡುತ್ತದೆ.

ಇನ್ನೊಂದು ಮಾತು ಹೇಳಿ ಪಾಯಿಂಟ್‌ಗಳ ಕಥೆಗೆ ಬರುತ್ತೇನೆ. ಪ್ರಸ್ತಾವನೆ ಬರೆದುಕೊಟ್ಟು, ಬಂದ ಅನುದಾನದಲ್ಲಿ ಶೇ 8 ನಿಮಗೆ ಎಂದು ಕರಾರು ಮಾಡಿಕೊಳ್ಳಿ ಎಂಬ ಸಲಹೆಯೂ ಅಲ್ಲಿ ಸಿಕ್ಕಿತು. ಈ ವೃತ್ತಿಯವರ ಸಂಘಗಳಾದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್, ಗ್ರ್ಯಾಂಟ್ ಪ್ರೊಫೆಷನಲ್ಸ್ ಅಸೋಸಿಯೇಷನ್ ಎರಡರ ನೀತಿಸಂಹಿತೆಗಳೂ ಇಂಥ ಕಮಿಷನ್ ಪದ್ಧತಿಯನ್ನು ಒಪ್ಪುವುದಿಲ್ಲ. ಮಕ್ಕಳ ಪುಸ್ತಕಕ್ಕೆಂದು ಕೊಟ್ಟ ಹಣದಲ್ಲಿ ಪಾಲು ಕೇಳುವುದನ್ನು ವೃತ್ತಿ ಶಿಕ್ಷಣದ ಹೆಸರಿನಲ್ಲಿ ಕಲಿಸುವವರ ಬಳಿ ಒಂದು ನಿಮಿಷವೂ ಕೂರಬಾರದಿತ್ತು. ಎದ್ದು ಬರಬೇಕಿತ್ತು, ಪಾಯಿಂಟ್ ಆಸೆಗೆ ಕೂತೆ.

ನವೀಕರಣದ ಅರ್ಜಿ ತುಂಬಲು ಕುಳಿತದ್ದು ಏಳು ವಾರ ಉಳಿದಿರುವಾಗ. ಕಾರ್ಯಕ್ರಮದ ಹೆಸರು, ನಡೆಸಿದವರು, ದಿನಾಂಕ, ಗಂಟೆಗಳು ಎಂದು ಬರೆಯುತ್ತಾ ಹೋಗಿ ಅವರ ಪ್ರಮಾಣಪತ್ರವನ್ನು ಹೊರತೆಗೆದೆ. ದಪ್ಪ ಹಾಳೆ, ಸುತ್ತ ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ಉಬ್ಬು ಮುದ್ರೆ. ನನ್ನ ಹೆಸರಿತ್ತು, ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದಿತ್ತು. ದಿನಾಂಕವಿರಲಿಲ್ಲ. ಎಷ್ಟು ಗಂಟೆ ಎಂದಿರಲಿಲ್ಲ. ಯಾವ ವಿಷಯ, ಪಾಠ ಮಾಡಿದವರು ಯಾರು, ಒಂದೂ ಇರಲಿಲ್ಲ. ನಾಳೆ ಯಾರಾದರೂ ದಾಖಲೆ ಕೇಳಿದರೆ ತೋರಿಸಲು ನನ್ನ ಬಳಿ ಇದ್ದದ್ದು ಆ ಬಂಗಾರದ ಅಂಚು ಮಾತ್ರ.

ಗಂಟೆವಾರು ಕಾರ್ಯಕ್ರಮ ಪಟ್ಟಿ ಕೊಡಿ ಎಂದು ನಾಲ್ಕು ಬಾರಿ ಇಮೇಲ್ ಮಾಡಿದೆ. ಉತ್ತರವಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದ್ದಕ್ಕೆ ನನ್ನನ್ನು ಗುಂಪಿನಿಂದ ತೆಗೆದರು. ಕೊನೆಗೆ ಬೇರೆ ನಂಬರಿನಿಂದ ಕರೆ ಮಾಡಿದಾಗ ಅಲ್ಲಿನ ಸಂಯೋಜಕರು ಬಹಳ ಸೌಜನ್ಯದಿಂದಲೇ, ‘ಎಷ್ಟು ಗಂಟೆ ಬೇಕು ಹೇಳಿ ಮೇಡಂ, ಲೆಟರ್‌ಹೆಡ್‌ನಲ್ಲಿ ಹಾಕಿಕೊಡುತ್ತೇವೆ. ನಲವತ್ತು ಬೇಕಾದರೂ ಸರಿ, ಪ್ರತ್ಯೇಕ 2,000 ಆಗುತ್ತದೆ’ ಎಂದರು. ನಾನು ಒಂದು ಕ್ಷಣ ಸುಮ್ಮನಾದೆ. ಬೇಡ ಎಂದು ಹೇಳಿ ಇಟ್ಟೆ. ಆ 28 ಪಾಯಿಂಟ್‌ಗಳನ್ನೂ ಅರ್ಜಿಯಿಂದ ಅಳಿಸಿದೆ. ನಿಜವಾಗಿ ಕೂತ 11 ಗಂಟೆಯನ್ನೂ ಬರೆಯಲಿಲ್ಲ, ಅದಕ್ಕೆ ದಾಖಲೆಯಿರಲಿಲ್ಲ, ಬರೆಯಲು ಮನಸ್ಸೂ ಬರಲಿಲ್ಲ.

ಏಳು ವಾರದಲ್ಲಿ 26 ಪಾಯಿಂಟ್ ಹೊಂದಿಸಬೇಕಾಯಿತು. ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಆನ್‌ಲೈನ್ ತರಗತಿ ಅಲ್ಲಿನ ಬೇಸಿಗೆ ಸಮಯದಲ್ಲಿ ನಮಗೆ ರಾತ್ರಿ ಹತ್ತೂವರೆ. ಮಗಳನ್ನು ಮಲಗಿಸಿ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದೆ. ಶುಲ್ಕ ಡಾಲರಿನಲ್ಲಿ ಹೋಯಿತು. ಅರ್ಜಿ ಸಲ್ಲಿಸಿದಾಗ ಒಂಬತ್ತು ದಿನ ಬಾಕಿಯಿತ್ತು. ಆ ತರಗತಿಗಳ ಒಂದೊಂದು ಪ್ರಮಾಣಪತ್ರವೂ ಅಲಂಕಾರವಿಲ್ಲದ ಒಂದು ಪುಟ, ಆದರೆ ವಿಷಯ, ದಿನಾಂಕ, ಗಂಟೆ ಮೂರೂ ಅದರಲ್ಲಿದ್ದವು.

ಆದ್ದರಿಂದ ಹಣ ಕಟ್ಟುವ ಮೊದಲೇ ಹಿಂದಿನ ತಂಡದ ಪ್ರಮಾಣಪತ್ರದ ಮಾದರಿ, ಗಂಟೆವಾರು ಪಟ್ಟಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ‘ಮಾನ್ಯತೆ’ ಎಂದರೆ ಯಾರ ಮಾನ್ಯತೆ ಎಂದು ಬರವಣಿಗೆಯಲ್ಲಿ ಪಡೆಯಿರಿ, ಆಮೇಲೆ ಪ್ರಮಾಣೀಕರಣ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಎಫ್‌ಸಿಆರ್‌ಎ ಆಡಳಿತ ವೆಚ್ಚದ ಮಿತಿ ಎಷ್ಟು ಎಂದು ಫೋನಿನಲ್ಲೇ ಕೇಳಿ. ಇಪ್ಪತ್ತು ಎಂಬ ಉತ್ತರ ಬರದಿದ್ದರೆ ಅವರ ಪಾಠ 2020ಕ್ಕೇ ನಿಂತುಹೋಗಿದೆ ಎಂದರ್ಥ. ನನ್ನಂತೆ ಈಗಾಗಲೇ ಹಣ ಕಟ್ಟಿದವರು ಪೋಸ್ಟರ್, ರಸೀದಿ, ಚಾಟ್ ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು, ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ನಾನು ದೂರು ಕೊಟ್ಟಿದ್ದೇನೆ.

ಹೋದ ವಾರ ಅವರ ಮುಂದಿನ ತಂಡದ ಪೋಸ್ಟರ್ ಬಂದಿದೆ. ಮೂರನೆಯ ದಿನ ತೆಗೆಸಿದ ಆ ಗುಂಪು ಫೋಟೊವನ್ನೇ ಹಾಕಿ, ಕೆಳಗೆ ‘ನಮ್ಮಲ್ಲಿ ಕಲಿತು ಪ್ರಮಾಣಪತ್ರ ನವೀಕರಿಸಿಕೊಂಡವರು’ ಎಂದು ಬರೆದಿದ್ದಾರೆ. ಎರಡನೆಯ ಸಾಲಿನಲ್ಲಿ, ಎಡದಿಂದ ಮೂರನೆಯವಳಾಗಿ, ನೀಲಿ ಇಳಕಲ್ ಸೀರೆ ಉಟ್ಟು ಶಾಲು ಹೊದ್ದು ನಿಂತಿರುವವಳು ನಾನು. ಫೋಟೊ ತೆಗೆಯಿರಿ ಎಂದು ಲಿಖಿತವಾಗಿ ಕೇಳಿದ್ದೇನೆ, ಇನ್ನೂ ತೆಗೆದಿಲ್ಲ. ಆ ಪೋಸ್ಟರ್ ನಿಮ್ಮ ಮೊಬೈಲಿಗೆ ಬಂದರೆ, ಅದರಲ್ಲಿರುವ ನಾನು ಅವರಿಂದ ಒಂದು ಪಾಯಿಂಟನ್ನೂ ಪಡೆದಿಲ್ಲ ಎಂಬುದು ನಿಮಗೆ ತಿಳಿದಿರಲಿ.